ಪ್ರಸಾದಕಾಯವೂ ಅಡಗಿದ ಸಕ್ಕರೆಯೂ

ವೀರಶೈವ ಧರ್ಮದಲ್ಲಿ ಉಣ್ಣುವುದು ಕೇವಲ ಹೊಟ್ಟೆಯ ಕೆಲಸವಲ್ಲ, ಅದೊಂದು ಪೂಜೆ. ಒಲೆಯ ಮೇಲೆ ಬೆಂದು ಎಡೆಗೆ ಬಂದ ಅನ್ನವು ಮೊದಲು ಪದಾರ್ಥವೆನಿಸಿರುವುದು. ಭಕ್ತನು ಅದನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದಾಗ ಅದೇ ಪ್ರಸಾದವೆನಿಸುವುದು. ಹೀಗೆ ಪ್ರಸಾದದಿಂದ ಬೆಳೆದ ಕಾಯವು ಪ್ರಸಾದಕಾಯವಾಗುವುದು. ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿತ್ತು, ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವನ್ನು ಬೇರೆಯಾಗಿಯೇ ಹೇಳಿರುವುದನ್ನು ನೋಡಿದರೆ, ಶರಣರು ಊಟದ ವಿಷಯವನ್ನು ಎಷ್ಟು ಘನವಾಗಿ ಎಣಿಸಿದ್ದರೆಂಬುದು ತಿಳಿಯುವುದು. ಜಪಕ್ಕೆ ಕುಳಿತಾಗ ಭಕ್ತನಾಗಿದ್ದು, ಎಡೆಯ ಮುಂದೆ ಕುಳಿತಾಗ ಮೈಮರೆಯುವವನು ಅರ್ಧ ಭಕ್ತನೇ ಸರಿ.

ಅರ್ಪಿತಕ್ಕೆ ಬೇಕಾದ ಮೊದಲ ಗುಣ ಅವಧಾನ. ಅವಧಾನವೆಂದರೆ ಎಚ್ಚರ. ಕೈಯಲ್ಲಿರುವುದು ಏನು, ಎಲ್ಲಿಂದ ಬಂದಿತು, ಎಷ್ಟು ಬೇಕು ಎಂಬುದನ್ನು ಅರಿತು ಕೊಡುವುದೇ ಅರ್ಪಣೆ. ಆದುದರಿಂದಲೇ ಶರಣಶಾಸ್ತ್ರದಲ್ಲಿ ಅರ್ಪಿತವನ್ನು ಮೂರು ಬಗೆಯಾಗಿ ವಿವರಿಸಿರುವರು: ಪದಾರ್ಥದ ರೂಪವು ಇಷ್ಟಲಿಂಗಕ್ಕೆ, ಅದರ ರುಚಿಯು ಪ್ರಾಣಲಿಂಗಕ್ಕೆ, ಅದರಿಂದ ಹುಟ್ಟುವ ತೃಪ್ತಿಯು ಭಾವಲಿಂಗಕ್ಕೆ. ರೂಪವನ್ನು ಕಣ್ಣಾರೆ ಕಾಣದೆ, ರುಚಿಯನ್ನು ನಾಲಗೆಯಲ್ಲಿ ಅರಿಯದೆ, ತೃಪ್ತಿಯ ಮೇರೆಯನ್ನು ಮನಸ್ಸಿನಲ್ಲಿ ಗುರುತಿಸದೆ ಉಂಡುದು ಅರ್ಪಿತವಾದುದು ಹೇಗೆ? ಉಣ್ಣುವವನಿಗೇ ತಿಳಿಯದೆ ಒಳಹೊಕ್ಕ ವಸ್ತುವನ್ನು ಆತನು ಲಿಂಗಕ್ಕೆ ಕೊಟ್ಟನೆಂದು ಹೇಳಲಾಗದು. ಅರಿವಿಲ್ಲದೆ ಉಂಡುದು ಅನರ್ಪಿತ, ಅನರ್ಪಿತವು ಪ್ರಸಾದವಲ್ಲ.

ಹೀಗೆ ತಿಳಿಯದಂತೆ ಎಡೆಗೆ ಬರುವ ವಸ್ತುಗಳಲ್ಲಿ ಇಂದು ಮೊದಲನೆಯದು ಸಕ್ಕರೆ. ಹೋಳಿಗೆಯಲ್ಲಿರುವ ಸಿಹಿಯನ್ನು ಎಲ್ಲರೂ ಬಲ್ಲರು. ಲಾಡುವಿನಲ್ಲಿರುವ ಸಕ್ಕರೆ ಮಗುವಿಗೂ ಗೊತ್ತು. ಆದರೆ ಸಿಹಿತಿಂಡಿಯೆಂಬ ಹೆಸರಿಲ್ಲದ ಆಹಾರದಲ್ಲಿ ಅಡಗಿ ಕುಳಿತ ಸಕ್ಕರೆಯು ಕಣ್ಣಿಗೆ ಬೀಳದು, ಲೆಕ್ಕಕ್ಕೆ ಸಿಕ್ಕದು. ಅದು ಬಿಸ್ಕತ್ತಿನಲ್ಲಿದೆ, ಬ್ರೆಡ್ಡಿನಲ್ಲಿದೆ, ಬಾಟಲಿಯ ಹಣ್ಣಿನ ರಸದಲ್ಲಿದೆ, ಟೊಮೇಟೊ ಸಾಸಿನಲ್ಲಿದೆ, ಮಕ್ಕಳ ಹಾಲಿಗೆ ಬೆರಸುವ ಪುಡಿಯಲ್ಲಿದೆ. ದಿನಕ್ಕೆ ನಾಲ್ಕಾರು ಬಾರಿ ಕುಡಿಯುವ ಚಹದಲ್ಲಿಯೂ ಇದೆ.

ಇದರ ಪರಿಣಾಮವೇನೆಂಬುದನ್ನು ಲೋಕವು ಈಗ ಕಣ್ಣಾರೆ ಕಾಣುತ್ತಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು, ಭಾರತದಲ್ಲಿ ಮಧುಮೇಹವುಳ್ಳವರು ಸುಮಾರು 10 ಕೋಟಿ 10 ಲಕ್ಷವೆಂದೂ, ಮಧುಮೇಹದ ಪೂರ್ವಾವಸ್ಥೆಯಲ್ಲಿರುವವರು ಸುಮಾರು 13 ಕೋಟಿ 60 ಲಕ್ಷವೆಂದೂ ಅಂದಾಜು ಮಾಡಿತು. ರೋಗಿಗಳಿಗಿಂತ ರೋಗದ ಹೊಸ್ತಿಲಲ್ಲಿ ನಿಂತವರೇ ಹೆಚ್ಚು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಹೊಸ್ತಿಲಲ್ಲಿ ನಿಂತವನು ಒಳಗೂ ಹೋಗಬಹುದು, ಹಿಂದಕ್ಕೂ ತಿರುಗಬಹುದು. ಹಿಂದಿರುಗುವ ದಾರಿ ಇನ್ನೂ ಮುಚ್ಚಿಲ್ಲದಿರುವುದರಿಂದಲೇ ಈ ವಿಷಯವನ್ನು ಈಗಲೇ ವಿಚಾರಿಸುವುದು ಅಗತ್ಯವಾಗಿದೆ.

ವೈದ್ಯರು ಪ್ರೀಡಯಾಬಿಟಿಸ್ ಎಂದು ಕರೆಯುವ ಈ ಪೂರ್ವಾವಸ್ಥೆಯ ಲಕ್ಷಣವನ್ನು ರಕ್ತಪರೀಕ್ಷೆಯಿಂದ ಮಾತ್ರ ತಿಳಿಯಬಹುದು. ರಾತ್ರಿಯೆಲ್ಲ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ ರಕ್ತದ ಗ್ಲೂಕೋಸು ಒಂದು ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ ಅದು ಪೂರ್ವಾವಸ್ಥೆ. 126 ಅಥವಾ ಅದಕ್ಕೂ ಮೇಲೆ ಇದ್ದರೆ ಮಧುಮೇಹ. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 5.7ರಿಂದ 6.4ರವರೆಗೆ ಪೂರ್ವಾವಸ್ಥೆ, 6.5ರಿಂದ ಮೇಲೆ ಮಧುಮೇಹ. ಈ ಹಂತದಲ್ಲಿ ಸಾಮಾನ್ಯವಾಗಿ ನೋವಿಲ್ಲ, ನಿಶ್ಶಕ್ತಿಯಿಲ್ಲ, ಬಾಯಾರಿಕೆಯೂ ಇಲ್ಲ. ಅಡಗಿದ ಸಕ್ಕರೆಯಿಂದ ಬೆಳೆಯುವ ರೋಗವೂ ಅಡಗಿಯೇ ಬೆಳೆಯುವುದು.

ಇದು ಹೊಸದಾಗಿ ಹುಟ್ಟಿದ ರೋಗವೇನೂ ಅಲ್ಲ. ಪ್ರಮೇಹವನ್ನು ಚರಕಸಂಹಿತೆಯು ವಿಸ್ತಾರವಾಗಿ ವರ್ಣಿಸಿದೆ. ಸುಖಾಸನದಲ್ಲಿಯೇ ಕುಳಿತಿರುವುದು, ನಿದ್ರೆಯ ಸುಖದಲ್ಲಿ ಮುಳುಗಿರುವುದು, ಹೊಸ ಧಾನ್ಯ, ಬೆಲ್ಲದಿಂದ ಮಾಡಿದ ಭಕ್ಷ್ಯಗಳು, ಇವನ್ನು ಆ ಗ್ರಂಥವು ಕಾರಣಗಳ ಸಾಲಿನಲ್ಲಿ ಸೇರಿಸಿದೆ. ಆಗ ಇದು ಉಳ್ಳವರಿಗೆ ಬರುವ ರೋಗವೆನಿಸಿತ್ತು. ಈಗ ಸುಖಾಸನವೂ ಸಿಹಿಯೂ ಎಲ್ಲರ ಮನೆಗೆ ಬಂದಿವೆ; ಅವುಗಳ ಹಿಂದೆಯೇ ರೋಗವೂ ಬಂದಿದೆ.

ಸಕ್ಕರೆಯು ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸು ಮತ್ತು ಫ್ರಕ್ಟೋಸುಗಳಾಗಿ ಒಡೆಯುವುದು. ಗ್ಲೂಕೋಸು ರಕ್ತವನ್ನು ಸೇರಿದೊಡನೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸಿ, ಅದನ್ನು ಮೈಯ ಜೀವಕೋಶಗಳ ಒಳಕ್ಕೆ ಕಳುಹಿಸುವುದು. ಫ್ರಕ್ಟೋಸಿನ ಬಹುಭಾಗವು ಯಕೃತ್ತಿಗೆ ಹೋಗಿ, ಮಿತಿಮೀರಿದಾಗ ಅಲ್ಲಿಯೇ ಕೊಬ್ಬಾಗಿ ನಿಲ್ಲುವುದು. ದಿನವೂ ಅಗತ್ಯಕ್ಕಿಂತ ಹೆಚ್ಚು ಬಂದು, ಮೈಗೆ ದುಡಿಮೆ ಕಡಿಮೆಯಾಗಿ, ಸೊಂಟದ ಸುತ್ತ ಕೊಬ್ಬು ಸೇರಿದಾಗ, ಜೀವಕೋಶಗಳು ಇನ್ಸುಲಿನ್ನಿನ ಕರೆಗೆ ಓಗೊಡುವುದನ್ನು ಕಡಿಮೆ ಮಾಡುವುವು. ಬಾಗಿಲು ತೆರೆಯದ ಮನೆಯ ಮುಂದೆ ಅತಿಥಿಗಳು ಗುಂಪುಗೂಡುವಂತೆ ಗ್ಲೂಕೋಸು ರಕ್ತದಲ್ಲಿಯೇ ನಿಲ್ಲುವುದು. ಗ್ರಂಥಿಯು ಇನ್ನಷ್ಟು ದುಡಿದು, ಕೊನೆಗೆ ಬಳಲುವುದು. ಈ ಬಳಲಿಕೆಯು ಪೂರ್ಣವಾಗುವ ಮುನ್ನಿನ ಕಾಲವೇ ಪೂರ್ವಾವಸ್ಥೆ. ಸಕ್ಕರೆಯೊಂದೇ ಇದಕ್ಕೆ ಕಾರಣವಲ್ಲ. ವಂಶ, ತೂಕ, ನಿದ್ರೆ, ದುಡಿಮೆ ಎಲ್ಲವೂ ಸೇರಿವೆ. ಆದರೆ ಅವುಗಳಲ್ಲಿ ಕೈಯಳತೆಯಲ್ಲಿರುವುದು, ಇಂದಿನ ಊಟದಿಂದಲೇ ತಿದ್ದಿಕೊಳ್ಳಬಹುದಾದುದು ಸಕ್ಕರೆ.

ಶರೀರವು ನಶ್ವರವಲ್ಲವೆ, ಅದಕ್ಕಾಗಿ ಇಷ್ಟು ಚಿಂತೆ ಏಕೆ, ಎಂದು ಕೆಲವರು ಕೇಳುವುದುಂಟು. ಕಾಯವನ್ನು ಹಳಿದು ದಂಡಿಸುವ ಮಾರ್ಗ ಶರಣರದಲ್ಲ. ಕಾಯವನ್ನೇ ಶಿವನ ಆಲಯವಾಗಿ ಮಾಡಿಕೊಳ್ಳುವ ಮಾರ್ಗ ಅವರದು. ಇಷ್ಟಲಿಂಗಪೂಜೆಯ ಕ್ರಮವನ್ನೇ ನೋಡಬಹುದು. ಎಡಗೈಯ ಅಂಗೈಯೇ ಪೀಠ; ಎವೆಯಿಕ್ಕದೆ ನೋಡುವ ಕಣ್ಣೇ ಪೂಜಾರಿ. ಮಧುಮೇಹವು ಬಲಿತು ಹಿಡಿತ ತಪ್ಪಿದಾಗ ಮೊದಲಾಗಿ ಕೆಡುವ ಅಂಗಗಳಲ್ಲಿ ಕಣ್ಣೂ ಒಂದು. ಒಳಪಟಲದ ಸೂಕ್ಷ್ಮ ರಕ್ತನಾಳಗಳು ಹಾಳಾಗಿ ದೃಷ್ಟಿ ಮಂಕಾಗುವುದು. ನರಗಳು ಕೆಟ್ಟು ಪಾದಗಳ ಸ್ಪರ್ಶಜ್ಞಾನ ಕುಂದುವುದು. ಮುಂದೆ ಕೆಲವರಲ್ಲಿ ಕೈಗಳಿಗೂ ಅದು ಹರಡುವುದು. ಲಿಂಗವನ್ನು ನೋಡುವ ಕಣ್ಣನ್ನು, ಲಿಂಗವನ್ನು ಹೊತ್ತ ಕೈಯನ್ನು, ಜಂಗಮದರ್ಶನಕ್ಕೆ ನಡೆಯುವ ಕಾಲನ್ನು ಒಂದು ಚಮಚದ ಚಾಪಲ್ಯಕ್ಕೆ ಒತ್ತೆಯಿಡುವುದು ಭಕ್ತನಿಗೆ ತಕ್ಕುದಲ್ಲ. ಪೂಜೆಯ ಪಾತ್ರೆಗಳನ್ನು ಬೆಳಗಿಟ್ಟುಕೊಳ್ಳುವವನು ಪೂಜೆ ಮಾಡುವ ಅಂಗಗಳನ್ನು ಕಿಲುಬು ಹಿಡಿಸಲಾಗದು.

ಇನ್ನು ಮೂರು ಅರ್ಪಿತಗಳಲ್ಲಿ ಮೊದಲನೆಯದಾದ ರೂಪಾರ್ಪಿತವನ್ನು ವಿಚಾರಿಸಬೇಕು. ರೂಪವನ್ನು ಅರ್ಪಿಸಬೇಕಾದರೆ ರೂಪವನ್ನು ಕಾಣಬೇಕು. ಅಡಗಿದ ಸಕ್ಕರೆಯನ್ನು ಬಯಲಿಗೆ ತರುವುದೇ ಇಲ್ಲಿಯ ಸಾಧನೆ.

ಸಿಹಿಯನ್ನೇ ಮುಟ್ಟುವುದಿಲ್ಲವೆಂದು ಹೇಳಿಕೊಳ್ಳುವ ಒಬ್ಬ ಸದ್ಗೃಹಸ್ಥನ ಒಂದು ದಿನವನ್ನು ಲೆಕ್ಕ ಹಾಕಿದರೆ ಸಾಕು. ಬೆಳಗಿನ ಪೂಜೆ ಮುಗಿದ ಮೇಲೆ ಒಂದು ಲೋಟ ಚಹಾ, ಉಪಾಹಾರದ ನಂತರ ಒಂದು, ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ಹನ್ನೊಂದು ಗಂಟೆಗೆ ಒಂದು, ಸಂಜೆ ಒಂದು. ಲೋಟಕ್ಕೆ ಎರಡು ಚಮಚದಂತೆ ಎಂಟು ಚಮಚ. ಮಟ್ಟಸವಾದ ಒಂದು ಚಹಾಚಮಚಕ್ಕೆ ಸುಮಾರು 4 ಗ್ರಾಮಿನಂತೆ 32 ಗ್ರಾಂ ಆಯಿತು. ಚಹದೊಡನೆ ನೆಂಚಿಕೊಂಡ ನಾಲ್ಕು ತೆಳು ಬಿಸ್ಕತ್ತುಗಳಲ್ಲಿ ಸುಮಾರು ಒಂದು ಚಮಚ. ಗೊಜ್ಜಿಗೂ ಸಾರಿಗೂ ರುಚಿಗೆಂದು ಹಾಕಿದ ಬೆಲ್ಲದಲ್ಲಿ ಆತನ ಪಾಲಿಗೆ ಬಂದುದು ಒಂದು ಚಮಚ. ಬಿಸಿಲಿಗೆ ತಂಪಾಗಲೆಂದು ಕುಡಿದ 200 ಮಿಲಿಲೀಟರಿನ ಒಂದು ಪೊಟ್ಟಣ ಹಣ್ಣಿನ ಪಾನೀಯದಲ್ಲಿ ಸಾಮಾನ್ಯವಾಗಿ 20 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಎಂದರೆ ಐದು ಚಮಚ. ಒಟ್ಟು ಹದಿನೈದು ಚಮಚ, 60 ಗ್ರಾಂ. ಒಂದು ತುಣುಕು ಹೋಳಿಗೆಯನ್ನೂ ತಿನ್ನದೆ ಆತನು ಇಷ್ಟು ಸಕ್ಕರೆಯನ್ನು ಉಂಡಿರುವನು. ಆತನ ಮಾತು ಸುಳ್ಳಲ್ಲ. ಆತನ ಅರಿವು ಅಪೂರ್ಣ.

ಎಷ್ಟು ಸಾಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಒಂದು ಮೇರೆಯನ್ನು ಹಾಕಿಕೊಟ್ಟಿದೆ. ದಿನದ ಆಹಾರಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆಯಿರಬೇಕು. ಐದಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು. ಸಾಧಾರಣ ವಯಸ್ಕನಿಗೆ ಮೊದಲನೆಯದು ಸುಮಾರು 50 ಗ್ರಾಂ, ಎರಡನೆಯದು ಸುಮಾರು 25 ಗ್ರಾಂ. ಎಂದರೆ ಆರು ಚಮಚ. ಮೇಲೆ ಹೇಳಿದ ಗೃಹಸ್ಥನ ಚಹಾ ಮಾತ್ರವೇ ಈ ಆರನ್ನು ದಾಟಿತು. ಈ ಲೆಕ್ಕದಲ್ಲಿ ಬೆಲ್ಲವೂ ಜೇನೂ ಹಣ್ಣಿನ ರಸವೂ ಸೇರುವುವು. ಇಡಿಯಾಗಿ ತಿಂದ ಹಣ್ಣೂ ಬರಿಯ ಹಾಲೂ ಸೇರುವುದಿಲ್ಲ. ಇಡಿಯ ಹಣ್ಣಿನಲ್ಲಿ ನಾರಿರುವುದರಿಂದ ಅದರ ಸಿಹಿಯು ನಿಧಾನವಾಗಿ ರಕ್ತಕ್ಕೆ ಇಳಿಯುವುದು. ಹಿಂಡಿದಾಗ ನಾರು ಹೋಗಿ ಸಿಹಿನೀರು ಮಾತ್ರ ಉಳಿಯುವುದು.

ಬೆಲ್ಲದ ವಿಷಯದಲ್ಲಿ ಭಕ್ತಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಕ್ಕರೆ ಕಾರ್ಖಾನೆಯದು, ಬೆಲ್ಲ ಆಲೆಮನೆಯದು. ಆದುದರಿಂದ ಬೆಲ್ಲದಿಂದ ದೋಷವಿಲ್ಲವೆಂದು ನಂಬಿ, ಎರಡು ಚಮಚ ಸಕ್ಕರೆಯ ಬದಲು ಮೂರು ಚಮಚ ಬೆಲ್ಲ ಹಾಕುವವರಿದ್ದಾರೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಗಳಿರುವುದು ನಿಜ; ಆದರೆ ಅದರ ಬಹುಭಾಗ ಸಕ್ಕರೆಯೇ. ರಕ್ತವು ಕಾರ್ಖಾನೆಯನ್ನೂ ಆಲೆಮನೆಯನ್ನೂ ಬೇರೆ ಮಾಡಿ ನೋಡದು. ಜೇನಿನ ಮಾತೂ ಅಷ್ಟೆ.

ಅಂಗಡಿಯಿಂದ ಬಂದ ಪೊಟ್ಟಣಗಳ ರೂಪವನ್ನು ಕಾಣಬೇಕಾದರೆ ಅವುಗಳ ಬೆನ್ನನ್ನು ಓದಬೇಕು. ಮುಂಭಾಗದ ಚಿತ್ರವು ಮಾರುವವನ ಮಾತು. ಹಿಂಭಾಗದ ಸಣ್ಣ ಅಕ್ಷರವು ಕಾನೂನಿನ ಮಾತು. ಅಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುವರು. ಸಕ್ಕರೆಯ ಹೆಸರು ಮೊದಲ ಎರಡು ಮೂರರಲ್ಲಿಯೇ ಬಂದಿದ್ದರೆ ಆ ವಸ್ತುವನ್ನು ಸಿಹಿತಿಂಡಿಯೆಂದೇ ಎಣಿಸತಕ್ಕದ್ದು. ಸಕ್ಕರೆಯು ಅಲ್ಲಿ ಹಲವು ವೇಷಗಳಲ್ಲಿ ಬರುವುದು: ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್, ಫ್ರಕ್ಟೋಸ್. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ಸಕ್ಕರೆಯ ಲೆಕ್ಕಕ್ಕೆ ಬಾರದಿದ್ದರೂ ಬಹು ಬೇಗನೆ ಗ್ಲೂಕೋಸಾಗಿ ಪರಿಣಮಿಸುವುದು. ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬ ಬರಹದ ಹಿಂದೆ ಬೆಲ್ಲವೋ ಖರ್ಜೂರದ ಪಾಕವೋ ಇರುವುದುಂಟು. ಹಿರಿಯರಿಗೆ ಆ ಸಣ್ಣ ಅಕ್ಷರ ಕಾಣದು, ಇಂಗ್ಲಿಷೂ ತಿಳಿಯದು. ಮನೆಯ ಮಕ್ಕಳು ಅದನ್ನು ಅಜ್ಜ ಅಜ್ಜಿಯರಿಗೆ ಓದಿ ಹೇಳಿದರೆ ಅದೂ ಒಂದು ಸೇವೆಯೇ.

ಮಕ್ಕಳ ಹಾಲಿಗೆ ಬೆರಸುವ ಪುಡಿಗಳ ಸಂಗತಿಯೂ ಇಲ್ಲಿ ಹೇಳತಕ್ಕುದು. ಶಕ್ತಿ ಬರಲೆಂದು ತಾಯಂದಿರು ಕೊಡುವ ಇಂಥ ಕೆಲವು ಪುಡಿಗಳಲ್ಲಿ ತೂಕದ ಮೂರನೆಯ ಒಂದು ಭಾಗದಷ್ಟು ಸಕ್ಕರೆ ಇದ್ದುದು ಬೆಳಕಿಗೆ ಬಂದಿತು. ಆರೋಗ್ಯಪೇಯವೆಂಬ ಹೆಸರಿಗೆ ಆಹಾರ ಕಾನೂನಿನಲ್ಲಿ ಲಕ್ಷಣವೇ ಇಲ್ಲವೆಂದು ತಿಳಿಸಿ, ಆ ಹೆಸರಿನ ವರ್ಗದಿಂದ ಇಂಥ ಪಾನೀಯಗಳನ್ನು ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಹೆಸರಿನ ಬಲದಿಂದ ವಸ್ತುವಿನ ಗುಣ ಬದಲಾಗದು. ವೇಷವನ್ನು ಕಂಡು ಮರುಳಾಗದೆ ಒಳಗನ್ನು ನೋಡಬೇಕೆಂಬುದನ್ನು ಶರಣರು ಮನುಷ್ಯರ ವಿಷಯದಲ್ಲಿ ಕಲಿಸಿದರು. ಪೊಟ್ಟಣಗಳ ವಿಷಯದಲ್ಲಿಯೂ ಆ ಪಾಠವೇ ಸಾಕು.

ಎರಡನೆಯದು ರುಚಿಯ ಅರ್ಪಿತ. ಜ್ಞಾನೇಂದ್ರಿಯಗಳಲ್ಲಿ ಒಂದೊಂದರಲ್ಲಿ ಒಂದೊಂದು ಲಿಂಗವು ನೆಲಸಿರುವುದೆಂದು ಷಟ್‌ಸ್ಥಲಶಾಸ್ತ್ರವು ಹೇಳುವಾಗ, ಜಿಹ್ವೆಯಲ್ಲಿ ಗುರುಲಿಂಗವನ್ನು ಹೇಳಿದೆ. ನಾಲಗೆಯು ಗುರುವಿನ ಪೀಠವೆಂದ ಮೇಲೆ ಅದು ಮನೆಯ ಯಜಮಾನನಂತೆ ಆಜ್ಞೆ ಮಾಡಲಾಗದು, ಶಿಷ್ಯನಂತೆ ಕಲಿಯಬೇಕು. ನಾಲಗೆಯು ಕಲಿಯಬಲ್ಲುದು ಎಂಬುದೇ ಇಲ್ಲಿಯ ಭಾಗ್ಯ. ಎರಡು ಚಮಚದ ಚಹಕ್ಕೆ ಒಗ್ಗಿದ ನಾಲಗೆಗೆ ಒಮ್ಮೆಲೆ ಬರಿಯ ಚಹಾ ಕೊಟ್ಟರೆ ಅದು ದಂಗೆಯೇಳುವುದು. ಒಂದು ವಾರ ಒಂದೂವರೆ ಚಮಚ, ಮುಂದಿನ ವಾರ ಒಂದು, ಅದರ ಮುಂದಿನ ವಾರ ಅರ್ಧ, ಹೀಗೆ ಇಳಿಸುತ್ತ ಬಂದರೆ ಅದೇ ನಾಲಗೆಯು ಚಹದ ನಿಜವಾದ ಕಂಪನ್ನೂ ಹಾಲಿನ ಸಹಜವಾದ ಸವಿಯನ್ನೂ ಗುರುತಿಸತೊಡಗುವುದು. ಕೆಲವು ವಾರಗಳ ಬಳಿಕ ಹಿಂದಿನ ಚಹವೇ ಪಾಯಸದಂತೆ ತೋರುವುದು. ಸಿಹಿಯ ಅಬ್ಬರದಲ್ಲಿ ಕೇಳದೆ ಹೋಗಿದ್ದ ರುಚಿಗಳು ಆಗ ಮಾತನಾಡುವುವು.

ಸಕ್ಕರೆಯನ್ನು ಬಿಟ್ಟು ಅದೇ ಸಿಹಿಯನ್ನು ಕೃತಕವಾದ ಗುಳಿಗೆಯಿಂದ ಪಡೆಯುವುದು ಇಂದ್ರಿಯಜಯವಾಗದು. ತೂಕ ಇಳಿಸುವ ಉದ್ದೇಶಕ್ಕೆ ಇಂಥ ಸಿಹಿಕಾರಕಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ಮಾಡಿತು. ಮಧುಮೇಹವುಳ್ಳವರು ಈ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯತಕ್ಕದ್ದು. ನಾಲಗೆಗೆ ಕಲಿಸಬೇಕಾದುದು ಬೇರೆ ಸಿಹಿಯನ್ನಲ್ಲ. ಸಿಹಿ ಕಡಿಮೆಯಿದ್ದಾಗಲೂ ಪ್ರಸನ್ನವಾಗಿರುವುದನ್ನು.

ಸಿಹಿಯಲ್ಲದ ಆಹಾರವೂ ಮಿತಿಮೀರಿದರೆ ಗ್ಲೂಕೋಸಾಗುವುದೆಂಬುದನ್ನು ಮರೆಯಬಾರದು. ಬಿಳಿಯ ಅಕ್ಕಿ, ಮೈದಾ, ಮಂಡಕ್ಕಿ ಬೇಗನೆ ಕರಗಿ ರಕ್ತಕ್ಕೆ ಸೇರುವುವು. ಜೋಳದ ರೊಟ್ಟಿ, ರಾಗಿಯ ಮುದ್ದೆಗಳು ಲೇಸೆಂದರೂ ಅವಕ್ಕೂ ಅಳತೆ ಬೇಕು. ಎಡೆಯ ಅರ್ಧವನ್ನು ಪಲ್ಯ, ಸೊಪ್ಪು, ಕೋಸಂಬರಿಗಳು ತುಂಬಿದರೆ, ಕಾಲು ಭಾಗವನ್ನು ಬೇಳೆಕಾಳುಗಳು ತುಂಬಿದರೆ, ಅನ್ನಕ್ಕೆ ಉಳಿಯುವುದು ತಕ್ಕಷ್ಟೇ ಜಾಗ.

ಮೂರನೆಯದು ತೃಪ್ತಿಯ ಅರ್ಪಿತ. ಸಾಕು ಎಂಬ ಮಾತನ್ನು ಹೃದಯಪೂರ್ವಕವಾಗಿ ಹೇಳಬಲ್ಲವನೇ ತೃಪ್ತಿಯನ್ನು ಭಾವಲಿಂಗಕ್ಕೆ ಒಪ್ಪಿಸಬಲ್ಲನು. ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರಿಗಿಂತ ದೊಡ್ಡ ಗುರುವಿಲ್ಲ. ಆಕೆಯ ಪತಿ ಮಾರಯ್ಯನವರ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಆ ದಿನದ ದಾಸೋಹಕ್ಕೆ ಬೇಕಾದುದನ್ನು ಮೀರಿದ್ದು ತಮ್ಮದಲ್ಲವೆಂದು ತಿಳಿಹೇಳಿ, ಹೆಚ್ಚಿನದನ್ನು ತಂದಲ್ಲಿಗೇ ಮರಳಿಸಲು ಪತಿಯನ್ನು ಕಳುಹಿದರು. ಅಕ್ಕಿ ಕದ್ದುದಲ್ಲ, ಕೆಟ್ಟುದೂ ಅಲ್ಲ; ಹೆಚ್ಚಾದುದೇ ಅದರ ದೋಷ. ಸಕ್ಕರೆಯ ವಿಷಯವೂ ಹೀಗೆಯೇ. ಸಕ್ಕರೆ ವಿಷವಲ್ಲ, ಪಾಪವೂ ಅಲ್ಲ. ಅಗತ್ಯವನ್ನು ಮೀರಿದುದೇ ಅದರ ದೋಷ. ಮನೆಗೆ ಹೆಚ್ಚು ಬಂದ ಅಕ್ಕಿಯನ್ನು ಗುರುತಿಸಿದ ಆ ಕಣ್ಣು ಇಂದು ಪ್ರತಿಯೊಂದು ಅಡುಗೆಮನೆಯಲ್ಲಿಯೂ ಬೇಕಾಗಿದೆ.

ಇಲ್ಲಿ ಭಕ್ತರನ್ನು ನಿಜವಾಗಿ ಕಾಡುವ ಪ್ರಶ್ನೆಯೊಂದಿದೆ. ಮಠದಲ್ಲಿ ಕಲ್ಲುಸಕ್ಕರೆಯ ಪ್ರಸಾದ ಕೊಡುವರು. ಜಾತ್ರೆಯ ದಾಸೋಹದಲ್ಲಿ ಮಾದಲಿಯನ್ನೋ ಪಾಯಸವನ್ನೋ ಬಡಿಸುವರು. ಬಸವಜಯಂತಿಯಂದು ಪಾನಕ ಹಂಚುವರು. ವೈದ್ಯರು ಬೇಡವೆಂದಿರುವರು, ಪ್ರಸಾದವನ್ನು ಒಲ್ಲೆನೆನ್ನಲು ಮನಸ್ಸು ಹೆದರುವುದು. ಒಂದು ಕಡೆ ರೋಗದ ಭಯ, ಇನ್ನೊಂದು ಕಡೆ ದ್ರೋಹದ ಭಯ. ಈ ಇಕ್ಕಟ್ಟಿನಲ್ಲಿ ಸಿಕ್ಕಿ, ಪ್ರಸಾದವೆಂದ ಮೇಲೆ ಏನೂ ಆಗದೆಂದು ಬೊಗಸೆ ತುಂಬ ತಿಂದು, ಮನೆಗೆ ಬಂದು ಕೊರಗುವವರೂ ಉಂಟು.

ಪ್ರಸಾದಿಯ ನಿಲುವನ್ನು ಅರಿತರೆ ಈ ಇಕ್ಕಟ್ಟು ತಾನಾಗಿ ಬಿಡುವುದು. ಪ್ರಸಾದಕ್ಕೆ ತೂಕವಿಲ್ಲ. ಸಾಸಿವೆಯಷ್ಟು ಕಣದಲ್ಲಿ ಇರುವ ಪ್ರಸಾದತ್ವವು ಒಂದು ಸೇರಿನಲ್ಲಿಯೂ ಅಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರಸಾದವನ್ನು ಹೆಚ್ಚು ತಿಂದವನು ಹೆಚ್ಚು ಭಕ್ತನಾಗುವನೆಂದರೆ ಅದು ಭಕ್ತಿಯಲ್ಲ, ಹಸಿವು. ಮತ್ತೊಂದು ನಿಯಮವೂ ಇದೆ: ಎಡೆಗೆ ಬಿದ್ದುದನ್ನು ಪ್ರಸಾದಿಯು ಚೆಲ್ಲಲಾರನು. ಆದುದರಿಂದ ಎಚ್ಚರವು ಬೀಳುವ ಮೊದಲೇ ಇರಬೇಕು. ಬಡಿಸುವವರು ಎದುರಿಗೆ ಬಂದಾಗಲೇ ಕೈಜೋಡಿಸಿ, “ಶರಣಾರ್ಥಿ, ಒಂದು ಚೂರು ಸಾಕು” ಎಂದು ಬೇಡಿ ಪಡೆದು, ಅದನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೆ ಪ್ರಸಾದದ ಗೌರವವೂ ಉಳಿಯಿತು, ಕಾಯದ ರಕ್ಷಣೆಯೂ ಆಯಿತು. ಬಡಿಸಿಕೊಂಡು ಬಿಡುವುದು ದ್ರೋಹ. ಬೇಡಿ ಅಲ್ಪವನ್ನು ಪಡೆಯುವುದು ವಿನಯ.

ಬಡಿಸುವವರಿಗೂ ಇಲ್ಲಿ ಧರ್ಮವಿದೆ. ಮದುವೆಯ ಪಂಕ್ತಿಯಲ್ಲಿ “ಯಜಮಾನರೇ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲೇಬೇಕು” ಎಂದು ಕೈ ಅಡ್ಡವಿಟ್ಟರೂ ಸರಿಸಿ ಹಾಕುವುದನ್ನು ಉಪಚಾರವೆಂದು ತಿಳಿದಿರುವರು. ಎಡೆಯ ಮುಂದೆ ಕುಳಿತವನ ರಕ್ತದ ಸ್ಥಿತಿಯನ್ನು ಬಡಿಸುವವನು ಬಲ್ಲನೆ? ಒಲ್ಲೆನೆಂದವನ ಎಡೆಗೆ ಒತ್ತಾಯದಿಂದ ಹಾಕಿದ ಸಿಹಿಯಲ್ಲಿ ಪ್ರೀತಿಯಿರಬಹುದು, ದಯೆಯಿಲ್ಲ. ಮನೆಗೆ ಬಂದವರಿಗೆ ಚಹಾ ಕೊಡುವಾಗ ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಡುವುದು, ಪಾನಕದೊಡನೆ ಮಜ್ಜಿಗೆಯನ್ನೂ ಇಡುವುದು, ದಾಸೋಹದಲ್ಲಿ ಸಿಹಿಯನ್ನು ಕೇಳಿ ಬಡಿಸುವುದು, ಎರಡನೆಯ ಸಲ ಕೇಳಿದವರಿಗೆ ಮಾತ್ರ ಹಾಕುವುದು, ಇವೆಲ್ಲ ಸಣ್ಣ ಮಾರ್ಪಾಡುಗಳು. ಇವುಗಳಿಂದ ದಾಸೋಹದ ಕೈ ಚಿಕ್ಕದಾಗದು. ಅದರ ಕಣ್ಣು ದೊಡ್ಡದಾಗುವುದು.

ಉಪವಾಸದ ದಿನಗಳಲ್ಲಿಯೂ ಅವಧಾನ ಬೇಕು. ಶಿವರಾತ್ರಿಯಂದು ಅನ್ನ ಬಿಟ್ಟವರು ಸಕ್ಕರೆ ಬೆರಸಿದ ಹಾಲು, ಬೆಲ್ಲದ ಅವಲಕ್ಕಿ, ಸಾಬೂದಾಣಿಯ ಪಾಯಸ, ಹಣ್ಣಿನ ರಸಗಳಿಂದ ದಿನ ಕಳೆದರೆ, ಉಳಿದ ದಿನಗಳಿಗಿಂತ ಆ ದಿನವೇ ಹೆಚ್ಚು ಸಕ್ಕರೆ ಒಳಹೋಗುವುದು. ಉಪವಾಸವೆಂದರೆ ಶಿವನ ಸಮೀಪದಲ್ಲಿರುವುದೇ ಹೊರತು ಸಕ್ಕರೆಯ ಸಮೀಪದಲ್ಲಿರುವುದಲ್ಲ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ನಿರಾಹಾರದ ವ್ರತವನ್ನು ಹಿಡಿಯಬಾರದು. ರಕ್ತದ ಗ್ಲೂಕೋಸು ಒಮ್ಮೆಲೆ ಇಳಿದರೆ ಪ್ರಾಣಕ್ಕೇ ಅಪಾಯ.

ಹಿರಿಯರು ದಿನವೂ ಬೆಲ್ಲ ತಿಂದು ಗಟ್ಟಿಯಾಗಿದ್ದರಲ್ಲ ಎಂಬ ಆಕ್ಷೇಪ ಸಹಜವಾದುದು. ಅವರು ಬೆಲ್ಲ ತಿಂದರು. ಆದರೆ ಸೂರ್ಯ ಹುಟ್ಟುವ ಮುನ್ನ ನೇಗಿಲು ಹಿಡಿದರು, ಬಾವಿಯಿಂದ ನೀರು ಸೇದಿದರು, ಹತ್ತಾರು ಮೈಲಿ ನಡೆದು ಸಂತೆ ಮಾಡಿದರು. ಹೋಳಿಗೆಯು ಹಬ್ಬದ ದಿನದ ಅತಿಥಿಯಾಗಿದ್ದಿತು, ನಿತ್ಯದ ನೆಂಟನಾಗಿರಲಿಲ್ಲ. ಉಂಡ ಅನ್ನವನ್ನು ಅವರ ಕಾಯಕವು ಕರಗಿಸಿತು. ಕುಳಿತೇ ಕಾಯಕ ಮಾಡುವ ಈ ಕಾಲದವರು ಹಿರಿಯರ ಊಟವನ್ನು ಉಳಿಸಿಕೊಂಡು ಹಿರಿಯರ ದುಡಿಮೆಯನ್ನು ಬಿಟ್ಟಿರುವರು. ಎರಡರಲ್ಲಿ ಒಂದನ್ನಾದರೂ ಸರಿಪಡಿಸಬೇಕು. ಎರಡನ್ನೂ ಸರಿಪಡಿಸಿದರೆ ಉತ್ತಮ.

ಹೀಗೆ ಹೇಳಿದುದರಿಂದ ಕಬ್ಬು ಬೆಳೆಯುವ ಕಾಯಕವನ್ನು ಹಳಿದಂತೆ ಯಾರೂ ಭಾವಿಸಬೇಕಾಗಿಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ನೆಲದಲ್ಲಿ ಬೆವರು ಸುರಿಸಿ ಕಬ್ಬು ಬೆಳೆವ ಒಕ್ಕಲಿಗನ ಕಾಯಕ ನಿರ್ಮಲವಾದುದು. ಬೆಳೆದವನ ಕಾಯಕಕ್ಕೆ ಗೌರವ ಸಲ್ಲುವುದು ಅದನ್ನು ಹದವರಿತು ಬಳಸಿದಾಗಲೇ.

ಪ್ರಯತ್ನಕ್ಕೆ ಫಲವುಂಟೇ ಎಂಬ ಸಂದೇಹಕ್ಕೆ ವಿಜ್ಞಾನವು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಅಮೆರಿಕೆಯಲ್ಲಿ ಪೂರ್ವಾವಸ್ಥೆಯಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ತೂಕವನ್ನು ನೂರಕ್ಕೆ ಏಳರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡುವ ಗುರಿಯನ್ನಿಟ್ಟುಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಚೆನ್ನೈಯ ವೈದ್ಯರು ಭಾರತೀಯರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟ ಮತ್ತು ನಡೆಯ ತಿದ್ದುಪಡಿಯಿಂದ ಅದು ಶೇಕಡಾ 28ರಷ್ಟು ಇಳಿಯಿತು. ಈ ಫಲವು ಸಕ್ಕರೆಯನ್ನು ಕಡಿಮೆ ಮಾಡಿದುದರಿಂದ ಮಾತ್ರ ಬಂದುದಲ್ಲ; ಆಹಾರ, ನಡಿಗೆ, ತೂಕ ಮೂರೂ ಸೇರಿ ಬಂದುದು. ಆದರೂ ಆಹಾರದ ತಿದ್ದುಪಡಿಯು ಅಡಗಿದ ಸಕ್ಕರೆಯಿಂದ ಮೊದಲಾಗುವುದು ಸುಲಭ. ಏಕೆಂದರೆ ಅದನ್ನು ಬಿಟ್ಟರೆ ಹಸಿವಾಗದು, ಶಕ್ತಿ ಕುಂದದು, ಹಬ್ಬ ತಪ್ಪದು.

ಆದುದರಿಂದ 30 ವರ್ಷ ದಾಟಿದ ಸದ್ಭಕ್ತರು, ಅದರಲ್ಲಿಯೂ ತಾಯಿತಂದೆಗಳಿಗೆ ಮಧುಮೇಹವಿದ್ದವರು, ರಕ್ತಪರೀಕ್ಷೆ ಮಾಡಿಸಿ ತಮ್ಮ ಸ್ಥಿತಿಯನ್ನು ತಿಳಿದುಕೊಳ್ಳುವುದು ಅಗತ್ಯ. ತನ್ನ ಮೈಯಲ್ಲಿ ಏನಿದೆಯೆಂಬುದನ್ನು ಅರಿಯುವುದೂ ಅರಿವೇ. ಪೂರ್ವಾವಸ್ಥೆ ಕಂಡುಬಂದರೆ ಹೆದರದೆ, ಮುಚ್ಚಿಡದೆ, ವೈದ್ಯರ ಸಲಹೆ ಪಡೆದು ನಡೆಯಬೇಕು. ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡುಗೆ ಬೇಕಾಗಿಲ್ಲ; ಒಬ್ಬರಿಗೆ ಹಿತವಾದುದು ಎಲ್ಲರಿಗೂ ಹಿತವೇ. ಯಜಮಾನನು ಕಹಿಮುಖ ಮಾಡಿಕೊಂಡು ಒಬ್ಬನೇ ವ್ರತ ಹಿಡಿಯುವುದಕ್ಕಿಂತ, ಮನೆಯ ಸಕ್ಕರೆಡಬ್ಬಿಯನ್ನು ತಿಂಗಳಿಗೆ ಎಷ್ಟು ಬಾರಿ ತುಂಬಲಾಗುತ್ತಿದೆಯೆಂಬುದನ್ನು ಗಂಡಹೆಂಡಿರು ಕೂಡಿ ನೋಡುವುದು ಲೇಸು. ಮಾರಯ್ಯನವರೂ ಲಕ್ಕಮ್ಮನವರೂ ಹಾಗೆ ಕೂಡಿಯೇ ತಮ್ಮ ಮನೆಯ ಅಳತೆಯನ್ನು ಕಾಯ್ದುಕೊಂಡರು.

ರೂಪವನ್ನು ಕಂಡು, ರುಚಿಯನ್ನು ತಿದ್ದಿ, ತೃಪ್ತಿಯಲ್ಲಿ ನಿಲ್ಲುವುದು. ಇದೇ ಪ್ರಸಾದಿಯ ಊಟ. ಇದರಲ್ಲಿ ಹೊಸ ಧರ್ಮವೇನೂ ಇಲ್ಲ, ಹಳೆಯ ಅವಧಾನವೇ ಹೊಸ ಅಡುಗೆಮನೆಗೆ ಬಂದಿದೆ. ಅರಿತು ಅರ್ಪಿಸಿದ ಒಂದು ತುತ್ತು, ಮರೆತು ಉಂಡ ಹತ್ತು ತುತ್ತಿಗಿಂತ ಮಿಗಿಲು. ಶ್ರೀಗುರು ಬಸವೇಶ್ವರನು ಸಕಲ ಸದ್ಭಕ್ತರ ಕಣ್ಣಿಗೆ ಲಿಂಗವನ್ನು ಕಾಣುವ ಬೆಳಕನ್ನೂ, ಕೈಗೆ ಲಿಂಗವನ್ನು ಹೊರುವ ಬಲವನ್ನೂ, ನಾಲಗೆಗೆ ಸಾಕೆನ್ನುವ ವಿವೇಕವನ್ನೂ ಕರುಣಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.